ಹುಲ್ಲಿನ ರಾಶಿಯ ಮೇಲೆ ಮಾಡಿದ ಲೆಕ್ಕ

ಮಳೆಗಾಲವೆಂದರೆ ಏನೆಂಬುದನ್ನು ತಿಳಿಯಬೇಕೆನ್ನುವವರು ಆಟಿ ತಿಂಗಳಿನಲ್ಲಿ ಒಂದು ದಿನ ಮೆಲ್ಕಾರಿನ ಕೂಡುರಸ್ತೆಗೆ ಬಂದು ನಿಲ್ಲಬೇಕು. ಒಂದು ದಾರಿ ಕಲ್ಲಡ್ಕದ ಮೇಲಾಗಿ ಘಟ್ಟವನ್ನೇರಿ ಬೆಂಗಳೂರಿಗೆ ಹೋಗುತ್ತದೆ. ಇನ್ನೊಂದು ಮುಡಿಪಿನ ಮಾರ್ಗವಾಗಿ ಕೊಣಾಜೆಯತ್ತ ಸಾಗುತ್ತದೆ. ಮತ್ತೊಂದು ಪಾಣೆಮಂಗಳೂರಿನಲ್ಲಿ ನೇತ್ರಾವತಿಯನ್ನು ದಾಟುತ್ತದೆ. ಮಳೆ ಹಿಡಿಯಿತೆಂದರೆ ಮೂರು ದಾರಿಗಳೂ ಹತ್ತು ಮಾರಿನಾಚೆ ಕಾಣಿಸವು. ಹೊಳೆಯ ಬದಿಯ ಮನೆಗಳಲ್ಲಿ 1923ನೆಯ ಇಸವಿಯ ‘ಮಾರಿ ಬೊಳ್ಳ’ದ ಮಾತು ಅಜ್ಜಂದಿರ ಬಾಯಿಂದ ಮೊಮ್ಮಕ್ಕಳ ಬಾಯಿಗೆ ಬಂದಿದೆ. 1974ರ ನೆರೆಯನ್ನು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ಈಗ ಮಳೆಯ ಸುದ್ದಿಯು ಮಳೆಗಿಂತ ಮುಂಚೆಯೇ ಬರುತ್ತದೆ. ನಾಳೆ ಭಾರೀ ಮಳೆಯಾಗಲಿದೆ, ರೆಡ್ ಅಲರ್ಟ್ ಇದೆ, ಶಾಲೆಗಳಿಗೆ ರಜೆಯೆಂದು ಹಿಂದಿನ ಸಂಜೆಯೇ ಪ್ರಕಟಣೆ ಹೊರಡುತ್ತದೆ. ಮರುದಿನ ಬಿಸಿಲು ಕಾಯ್ದರೆ ಹೋಟೆಲಿನ ಮೇಜುಗಳಲ್ಲಿ ನಗೆ ಏಳುತ್ತದೆ. ನಾನೂ ಆ ನಗೆಯಲ್ಲಿ ಸೇರಿದವನೇ. ಆದರೆ ಒಂದು ದಿನ ಮನೆಯಲ್ಲಿದ್ದ ಹಳೆಯ ಮಳೆಯ ಪುಸ್ತಕವೊಂದನ್ನು ತೆರೆದು ಕುಳಿತೆ. ತಂದೆಯವರು ತೋಟದ ಮೂಲೆಯಲ್ಲಿ ಅಳತೆಯ ಡಬ್ಬಿಯನ್ನಿಟ್ಟು, ದಿನದಿನವೂ ದಶಾಂಶದ ಒಂದು ಸ್ಥಾನದವರೆಗೆ ಮಳೆಯನ್ನು ಬರೆದಿಟ್ಟ ಪುಸ್ತಕವದು. ಒಂದು ತಿಂಗಳ ಮೊತ್ತವನ್ನು ನಾನು ಕೂಡಿದೆ. ಅವರು ಬರೆದ ಮೊತ್ತಕ್ಕೂ ನನ್ನ ಮೊತ್ತಕ್ಕೂ ಮೂರು ಮಿಲಿಮೀಟರ್ ವ್ಯತ್ಯಾಸ ಬಂದಿತು. ಇನ್ನೊಮ್ಮೆ ಕೂಡಿದರೂ ಅದೇ. ಕೂಡುವುದರಲ್ಲಿ ಇಬ್ಬರೂ ತಪ್ಪಿರಲಿಲ್ಲ. ಅವರು ದಶಾಂಶಗಳನ್ನು ಹಾಗೆಯೇ ಉಳಿಸಿಕೊಂಡು ಕೂಡಿದ್ದರು. ಸೋಮಾರಿಯಾದ ನಾನು ದಿನದ ಅಂಕೆಯೊಂದೊಂದನ್ನೂ ಪೂರ್ಣಾಂಕಕ್ಕೆ ಸರಿಮಾಡಿಕೊಂಡು ಕೂಡಿದ್ದೆ. ಅಷ್ಟನ್ನು ಕಂಡುಹಿಡಿಯಲು ನನಗೆ ಒಂದು ಮಧ್ಯಾಹ್ನ ಹಿಡಿಯಿತು. ತಂದೆಯವರು ಮೊತ್ತವನ್ನಷ್ಟೇ ಬರೆದು ದಿನದ ಅಂಕೆಗಳನ್ನು ಬಿಟ್ಟಿದ್ದರೆ ಅದು ಎಂದಿಗೂ ತಿಳಿಯುತ್ತಿರಲಿಲ್ಲ.

ಆ ಮಧ್ಯಾಹ್ನವೇ ನನಗೆ ಲೂಯಿಸ್ ಫ್ರೈ ರಿಚರ್ಡ್‌ಸನ್ನರ ನೆನಪಾದುದು. ನಾಳಿನ ಹವೆಯನ್ನು ಲೆಕ್ಕದಿಂದ ಕಟ್ಟಿ ತೋರಿಸಬಹುದೆಂದು ಮೊದಲು ಸಾಹಸ ಮಾಡಿದವರಲ್ಲಿ ಅವರು ಮುಖ್ಯರು. ಅವರು ಮಾಡಿದ ಲೆಕ್ಕ ಒಂದೇ ಒಂದು, ಅದೂ ತಪ್ಪಿತು. ತಪ್ಪಿದ ಆ ಲೆಕ್ಕದ ಕಾರಣವನ್ನು ಹುಡುಕುವುದಕ್ಕೆ ಲೋಕಕ್ಕೆ ಎಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು.

ರಿಚರ್ಡ್‌ಸನ್ನರು 1881ನೆಯ ಅಕ್ಟೋಬರ್ 11ರಂದು ಇಂಗ್ಲೆಂಡಿನ ಉತ್ತರ ಭಾಗದ ನ್ಯೂಕಾಸಲ್ ಪಟ್ಟಣದಲ್ಲಿ ಹುಟ್ಟಿದರು. ಏಳು ಮಕ್ಕಳಲ್ಲಿ ಕೊನೆಯವರು. ತಂದೆಯದು ತೊಗಲು ಹದಮಾಡುವ ವ್ಯಾಪಾರ. ಮನೆತನವು ಕ್ವೇಕರ್ ಪಂಥಕ್ಕೆ ಸೇರಿದ್ದು. ಈ ಪಂಥದವರಿಗೆ ಯುದ್ಧವು ನಿಷಿದ್ಧ. ಆಯುಧ ಹಿಡಿಯುವುದಿಲ್ಲವೆಂಬುದು ಅವರ ಹಠವಲ್ಲ, ಧರ್ಮ. ಈ ಒಂದು ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ರಿಚರ್ಡ್‌ಸನ್ನರ ಜೀವನದ ಪ್ರತಿಯೊಂದು ತಿರುವಿನಲ್ಲಿಯೂ ಇದು ಅಡ್ಡಬರುತ್ತದೆ. ಯಾರ್ಕ್ ನಗರದ ಕ್ವೇಕರ್ ಶಾಲೆಯಲ್ಲಿಯೂ ಬಳಿಕ ಕೇಂಬ್ರಿಜ್ಜಿನ ಕಿಂಗ್ಸ್ ಕಾಲೇಜಿನಲ್ಲಿಯೂ ಓದಿ 1903ರಲ್ಲಿ ಅವರು ಪ್ರಥಮ ವರ್ಗದಲ್ಲಿ ತೇರ್ಗಡೆಯಾದರು.

ಮುಂದಿನ ಹತ್ತು ವರ್ಷಗಳಲ್ಲಿ ಅವರು ನೆಲೆಯಾಗಿ ನಿಂತ ಕೆಲಸವಿಲ್ಲ. ರಾಷ್ಟ್ರೀಯ ಭೌತ ಪ್ರಯೋಗಾಲಯ, ವೇಲ್ಸಿನ ಒಂದು ಕಾಲೇಜು, ವಿದ್ಯುದ್ದೀಪಗಳ ಒಂದು ಕಾರ್ಖಾನೆ, ಹೀಗೆ ಅಲೆದರು. ಇವುಗಳಲ್ಲಿ ನಮ್ಮ ಕಥೆಗೆ ಬೇಕಾದುದು ‘ಪೀಟ್’ ಎಂಬ ಕೊಳೆತ ಸಸ್ಯಗಳ ಮಣ್ಣನ್ನು ಅಗೆದು ಉರುವಲು ಮಾಡುವ ಒಂದು ಸಂಸ್ಥೆ. ಆ ಜೌಗು ನೆಲದಲ್ಲಿ ನೀರು ಬಸಿದು ಹೋಗಲು ಕಾಲುವೆಗಳನ್ನು ಹೇಗೆ ಕಡಿಯಬೇಕು? ಅಡಿಕೆ ತೋಟದಲ್ಲಿ ಉಜಿರು ಕಣಿ ತೆಗೆಯುವ ನಮ್ಮವರಿಗೆ ಈ ಪ್ರಶ್ನೆ ಹೊಸದಲ್ಲ. ನಮ್ಮವರು ಅನುಭವದಿಂದ ಕಣಿ ತೆಗೆಯುತ್ತಾರೆ; ರಿಚರ್ಡ್‌ಸನ್ನರು ಸಮೀಕರಣ ಬರೆದರು. ಆದರೆ ಆ ಸಮೀಕರಣಕ್ಕೆ ಕಾಗದದ ಮೇಲೆ ಬಿಡಿಸಬಹುದಾದ ಉತ್ತರವೇ ಇರಲಿಲ್ಲ. ಆಗ ಅವರು ನೆಲವನ್ನೆಲ್ಲ ಚದುರಂಗದ ಹಲಗೆಯಂತೆ ಚೌಕಗಳಾಗಿ ಒಡೆದು, ಒಂದೊಂದು ಚೌಕಕ್ಕೂ ಒಂದೊಂದು ಅಂಕೆಯನ್ನು ಕೊಟ್ಟು, ಬರಿಯ ಕೂಡು-ಕಳೆಗಳಿಂದ ಉತ್ತರದ ಸಮೀಪಕ್ಕೆ ಹೋಗುವ ಉಪಾಯವನ್ನು ಹಿಡಿದರು. ಇಂದು ಜಗತ್ತಿನ ದೊಡ್ಡ ಗಣಕಯಂತ್ರಗಳು ಹವೆ, ಸಾಗರ, ವಿಮಾನದ ರೆಕ್ಕೆ, ಅಣೆಕಟ್ಟುಗಳನ್ನು ತಮ್ಮೊಳಗೆ ಕೃತಕವಾಗಿ ಕಟ್ಟಿ ನಡೆಸುವುದು ಈ ಜಾತಿಯ ಉಪಾಯದಿಂದಲೇ.

1910ರಲ್ಲಿ ಕಲ್ಲಿನ ಅಣೆಕಟ್ಟಿನೊಳಗಿನ ಒತ್ತಡಗಳನ್ನು ಕುರಿತು ಅವರು ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಒಪ್ಪಿಸಿದರು. ಲೆಕ್ಕ ಮಾಡಲು ಹುಡುಗರನ್ನು ಗೊತ್ತುಮಾಡಿಕೊಂಡಿದ್ದರು. ಕೂಲಿ ದಿನಕ್ಕಿಷ್ಟೆಂದಲ್ಲ, ಅಂಕೆಗಿಷ್ಟೆಂದು. ಮೂರು ಸ್ಥಾನಗಳ ಸಂಖ್ಯೆಗಳಲ್ಲಿ ಚುರುಕಾದ ಹುಡುಗನೊಬ್ಬ ವಾರಕ್ಕೆ ಸರಾಸರಿ 2,000 ಲೆಕ್ಕಗಳನ್ನು ಮಾಡುತ್ತಿದ್ದನಂತೆ; ತಪ್ಪಿದವನ್ನು ಎಣಿಕೆಗೆ ಹಿಡಿಯುತ್ತಿರಲಿಲ್ಲ. ಕೂಡು ಚಿಹ್ನೆ ಕಳೆ ಚಿಹ್ನೆಗಳು ಬೆರೆತು ಬಂದಾಗ ಹುಡುಗರು ಎಡವುತ್ತಿದ್ದರೆಂಬುದನ್ನೂ ಅವರು ಪ್ರಬಂಧದಲ್ಲಿಯೇ ಬರೆದಿದ್ದಾರೆ. ಘನಗಂಭೀರವಾದ ವಿಜ್ಞಾನದ ಪ್ರಬಂಧದಲ್ಲಿ ಕೂಲಿಯ ದರವನ್ನೂ ಹುಡುಗರ ತಪ್ಪುಗಳನ್ನೂ ಬರೆಯುವವರು ವಿರಳ. ತಾನು ಮಾಡಿದುದನ್ನು ಇನ್ನೊಬ್ಬನು ಹಾಗೆಯೇ ಮಾಡಿ ನೋಡುವಂತಿರಬೇಕೆಂಬ ಈ ಸ್ವಭಾವವು ಅವರಿಗೆ ಹುಟ್ಟಿನಿಂದಲೇ ಬಂದುದೇನೋ.

1909ರಲ್ಲಿ ಡೊರೊಥಿ ಗಾರ್ನೆಟ್ ಎಂಬಾಕೆಯೊಡನೆ ಅವರ ಮದುವೆಯಾಯಿತು. ಮಕ್ಕಳಾಗಲಿಲ್ಲ; ಮುಂದೆ ಇಬ್ಬರು ಗಂಡುಮಕ್ಕಳನ್ನೂ ಒಬ್ಬ ಹೆಣ್ಣುಮಗಳನ್ನೂ ದತ್ತು ತೆಗೆದುಕೊಂಡು ಸಾಕಿದರು. 1912ರಲ್ಲಿ ‘ಟೈಟಾನಿಕ್’ ಹಡಗು ಮುಳುಗಿದಾಗ, ಗಂಡಹೆಂಡಿರು ದೋಣಿಯೊಂದರಲ್ಲಿ ಕುಳಿತು, ಸೀಟಿ ಊದಿ, ಬಿಚ್ಚಿದ ಕೊಡೆಯನ್ನು ಕಿವಿಯ ಹಿಂದೆ ಹಿಡಿದು ಪ್ರತಿಧ್ವನಿಯನ್ನು ಆಲಿಸಿದರೆಂಬ ಕಥೆ ಉಂಟು. ಮಂಜುಗಡ್ಡೆಯ ಗುಡ್ಡವನ್ನು ಶಬ್ದದಿಂದ ಗುರುತಿಸುವ ಉಪಾಯಕ್ಕೆ ಆ ವರ್ಷವೇ ಅವರು ಹಕ್ಕುಪತ್ರವನ್ನು ಕೋರಿದರು.

1913ರಲ್ಲಿ ಅವರಿಗೆ ಹವಾಮಾನ ಇಲಾಖೆಯಲ್ಲಿ ಕೆಲಸ ಸಿಕ್ಕಿ, ಸ್ಕಾಟ್ಲೆಂಡಿನ ಗುಡ್ಡಗಳ ನಡುವಣ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಣೆ ಬಂದಿತು. ಸದಾ ಮಳೆ, ಸದಾ ಮಂಜು, ಮಾತಿಗೆ ಜನವಿಲ್ಲ. ಇಲ್ಲಿಯೇ ಹವೆಯನ್ನು ಲೆಕ್ಕಕ್ಕೆ ತರುವ ಯೋಚನೆ ಬಲಿಯಿತು. ಅಂದಿನ ಹವಾಮಾನದ ಮುನ್ಸೂಚನೆಯೆಂದರೆ ಇಂದಿನ ನಕಾಶೆಯನ್ನು ಹೋಲುವ ಹಿಂದಿನ ನಕಾಶೆಯನ್ನು ಹುಡುಕಿ, ಅಂದು ಏನಾಯಿತೋ ಇಂದೂ ಅದೇ ಆಗುವುದೆಂದು ಹೇಳುವುದು. ರಿಚರ್ಡ್‌ಸನ್ನರಿಗೆ ಅದು ಒಪ್ಪಿಗೆಯಾಗಲಿಲ್ಲ. ಗ್ರಹಣವನ್ನು ಲೆಕ್ಕದಿಂದ ಹೇಳುವವರು ಹಳೆಯ ಗ್ರಹಣವನ್ನು ಹೋಲಿಸಿ ಹೇಳುವುದಿಲ್ಲವಷ್ಟೆ! ಗಾಳಿಗೂ ನಿಯಮಗಳಿವೆ, ಇಂದಿನ ಒತ್ತಡ, ಗಾಳಿ, ಉಷ್ಣ, ತೇವಗಳನ್ನು ಅಳೆದುಕೊಂಡು ಆ ನಿಯಮಗಳನ್ನು ಹಂತಹಂತವಾಗಿ ನಡೆಸುತ್ತ ಹೋದರೆ ನಾಳಿನ ಗಾಳಿ ಏಕೆ ಸಿಕ್ಕಬಾರದು?

ಅಷ್ಟರಲ್ಲಿ ಮೊದಲನೆಯ ಮಹಾಯುದ್ಧವು ಯೂರೋಪನ್ನು ಆವರಿಸಿಕೊಂಡಿತು. ಕ್ವೇಕರರಾದ ರಿಚರ್ಡ್‌ಸನ್ನರು ಬಂದೂಕು ಹಿಡಿಯಲಾರರು. ಕೈಕಟ್ಟಿ ಕೂರಲೂ ಮನಸ್ಸೊಪ್ಪದು. 1916ರಲ್ಲಿ ಸರಕಾರಿ ಕೆಲಸಕ್ಕೆ ರಾಜೀನಾಮೆಯಿತ್ತು, ಕ್ವೇಕರರ ಆಂಬುಲೆನ್ಸ್ ದಳವನ್ನು ಸೇರಿ, ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಹೊರುವ ವಾಹನದ ಚಾಲಕರಾದರು. ಫಿರಂಗಿಗಳು ಗುಡುಗುವ ಕಡೆಯಿಂದ ರಕ್ತ ಸೋರುವ ಸೈನಿಕರನ್ನು ತರುವುದು. ಬಿಡುವು ದೊರೆತಾಗ, ತಂಗಿದ್ದ ತಣ್ಣನೆಯ ಬಿಡಾರದಲ್ಲಿ ಒಣಹುಲ್ಲಿನ ರಾಶಿಯ ಮೇಲೆ ಕುಳಿತು ಲೆಕ್ಕ ಮಾಡುವುದು. ಅದೇ ಅವರ ಕಚೇರಿ.

ಲೆಕ್ಕಕ್ಕೆ ಆರಿಸಿಕೊಂಡದ್ದು 1910ನೆಯ ಮೇ 20ನೆಯ ದಿನ. ಆ ವಾರದಲ್ಲಿ ಹ್ಯಾಲಿಯ ಧೂಮಕೇತು ಭೂಮಿಯ ಸಮೀಪ ಹಾದುಹೋಗಿತ್ತು. ಯೂರೋಪಿನ ಹಲವು ಕಡೆಗಳಿಂದ ಬಲೂನುಗಳನ್ನು ಹಾರಿಸಿ ಮೇಲಿನ ಗಾಳಿಯನ್ನು ಅಳೆದಿದ್ದರು. ನಾರ್ವೆಯ ವಿಲ್ಹೆಲ್ಮ್ ಬ್ಯರ್ಕ್ನೆಸ್ ಎಂಬ ಪಂಡಿತರು ಆ ಅಳತೆಗಳನ್ನು ನಕಾಶೆಗಳಾಗಿ ಬಿಡಿಸಿದ್ದರು. ರಿಚರ್ಡ್‌ಸನ್ನರು ಮಧ್ಯ ಯೂರೋಪನ್ನು ಸುಮಾರು 200 ಕಿಲೋಮೀಟರಿನ ಚೌಕಗಳಾಗಿಯೂ, ಗಾಳಿಯನ್ನು ನೆಲದಿಂದ ಮೇಲಕ್ಕೆ ಐದು ಪದರಗಳಾಗಿಯೂ ಒಡೆದರು. ಬೆಳಗಿನ ಏಳು ಗಂಟೆಯ ಸ್ಥಿತಿಯನ್ನು ಹಿಡಿದು, ಆರು ತಾಸಿನಲ್ಲಿ ಎರಡು ಕಂಬಗಳಷ್ಟು ಗಾಳಿ ಎಷ್ಟು ಬದಲಾಗುವುದೆಂದು ಲೆಕ್ಕಹಾಕಿದರು. ಬಲ್ಲವರು ಇದನ್ನು ಗಮನಿಸಬೇಕು: ಆರು ತಾಸುಗಳ ಹವೆ, ಅದೂ ಎರಡೇ ಚೌಕಗಳ ಮೇಲೆ, ಅದಕ್ಕೆ ಅವರು ಕಳೆದುದು ಹತ್ತಿರ ಹತ್ತಿರ ಆರು ವಾರ.

ಈ ಕಾಗದಗಳು ಉಳಿದುದೇ ಒಂದು ವಿಚಿತ್ರ. 1917ರ ಏಪ್ರಿಲಿನಲ್ಲಿ ಶಾಂಪೇನ್ ಪ್ರಾಂತದಲ್ಲಿ ದೊಡ್ಡ ಕದನ ನಡೆದಾಗ ಹಸ್ತಪ್ರತಿಯನ್ನು ಹಿಂದಿನ ಸಾಲಿಗೆ ಕಳುಹಿಸಿದರು, ಅದು ಕಳೆದುಹೋಯಿತು. ತಿಂಗಳುಗಳ ಮೇಲೆ ಬೆಲ್ಜಿಯಮಿನಲ್ಲಿ ಕಲ್ಲಿದ್ದಲಿನ ರಾಶಿಯೊಂದರ ಕೆಳಗೆ ಸಿಕ್ಕಿತು.

ಇನ್ನು ಉತ್ತರ. ಲೆಕ್ಕದ ಪ್ರಕಾರ ಮ್ಯೂನಿಕ್ಕಿನ ಸಮೀಪದಲ್ಲಿ ನೆಲದ ಒತ್ತಡವು ಆರು ತಾಸಿನಲ್ಲಿ 145 ಮಿಲಿಬಾರ್ ಏರಬೇಕು. ಸಾಮಾನ್ಯವಾಗಿ ನಮ್ಮ ತಲೆಯ ಮೇಲಿನ ಗಾಳಿಯ ಒತ್ತಡ ಸಾವಿರ ಮಿಲಿಬಾರಿನ ಆಸುಪಾಸು. ಭೀಕರ ಚಂಡಮಾರುತದ ನಡುವಿನಲ್ಲಿಯೂ ಅದು ನೂರು ಮಿಲಿಬಾರಿನಷ್ಟು ಇಳಿಯುವುದು ಅಪರೂಪ. ವಾಸ್ತವವಾಗಿ ಆ ದಿನ ಅಲ್ಲಿ ಒತ್ತಡವು ಹೆಚ್ಚುಕಡಮೆ ಅಲುಗಾಡದೆ ನಿಂತಿತ್ತು. ಆರು ವಾರದ ದುಡಿಮೆಯಿಂದ ಹುಟ್ಟಿದ್ದು, ಭೂಮಿಯ ಮೇಲೆ ಎಂದೂ ಸಂಭವಿಸದ ಒಂದು ಹವೆ!

ಇನ್ನೊಬ್ಬನಾಗಿದ್ದರೆ ಏನು ಮಾಡುತ್ತಿದ್ದನು? ವಿಧಾನವನ್ನು ವಿವರಿಸಿ ಪುಸ್ತಕ ಬರೆದು, ಉದಾಹರಣೆಯನ್ನು ಮೆಲ್ಲನೆ ಬಿಟ್ಟುಬಿಡಬಹುದಾಗಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಅಥವಾ ಇನ್ನೊಂದು ದಿನವನ್ನಾರಿಸಿ, ಸರಿಹೊಂದುವವರೆಗೆ ಲೆಕ್ಕವನ್ನು ತಿದ್ದುತ್ತ ಕೂರಬಹುದಾಗಿತ್ತು. ರಿಚರ್ಡ್‌ಸನ್ನರು 1922ರಲ್ಲಿ ಕೇಂಬ್ರಿಜ್ ಮುದ್ರಣಾಲಯದಿಂದ ಹೊರಟ ತಮ್ಮ ಗ್ರಂಥದಲ್ಲಿ ಒಂದು ಇಡೀ ಅಧ್ಯಾಯವನ್ನು ಆ ತಪ್ಪಿದ ಲೆಕ್ಕಕ್ಕೆ ಮೀಸಲಿಟ್ಟರು. ಇಪ್ಪತ್ತಮೂರು ನಮೂನೆಯ ಪಟ್ಟಿಗಳನ್ನು ಅಚ್ಚುಹಾಕಿಸಿ, ಯಾವ ಅಂಕೆ ಎಲ್ಲಿಂದ ಬಂದು ಎಲ್ಲಿಗೆ ಹೋಯಿತೆಂಬುದನ್ನು ಸಾಲುಸಾಲಾಗಿ ತೋರಿಸಿದರು. ಕೊನೆಗೆ 145 ಎಂಬುದನ್ನೂ ಬರೆದು, ಇದು ದೊಡ್ಡ ಪ್ರಮಾದವೆಂದು ತಾವೇ ಒಪ್ಪಿಕೊಂಡು, ತಪ್ಪು ಮೊದಲಿನ ಗಾಳಿಯ ಅಳತೆಗಳಲ್ಲಿರಬೇಕೆಂದು ಶಂಕಿಸಿದರು.

ಅದೇ ಗ್ರಂಥದಲ್ಲಿ ಒಂದು ಕನಸನ್ನೂ ಬರೆದಿದ್ದಾರೆ. ನಾಟಕಶಾಲೆಯಂತಹ ಒಂದು ದೊಡ್ಡ ಗುಂಡು ಮಂದಿರ. ಗೋಡೆಗಳ ಮೇಲೆ ಭೂಮಂಡಲದ ಚಿತ್ರ. ಒಂದೊಂದು ಪ್ರದೇಶದೆದುರು ಕುಳಿತ ಲೆಕ್ಕಿಗರು. ಜಗತ್ತಿನ ಹವೆಯೊಡನೆ ಓಟದಲ್ಲಿ ಸಮನಾಗಿ ನಿಲ್ಲಲು ಅಂತಹವರು 64,000 ಮಂದಿ ಬೇಕು. ನಡುವಿನ ಎತ್ತರದ ಪೀಠದಲ್ಲಿ ಮೇಲ್ವಿಚಾರಕನೊಬ್ಬನು ನಿಂತು, ಮುಂದೋಡುವವರ ಮೇಲೆ ಕೆಂಬಣ್ಣದ ಬೆಳಕನ್ನೂ ಹಿಂದುಳಿದವರ ಮೇಲೆ ನೀಲಿ ಬೆಳಕನ್ನೂ ಬೀರುತ್ತ ಎಲ್ಲರನ್ನೂ ಒಂದೇ ಲಯದಲ್ಲಿ ನಡೆಸಬೇಕು. ನನಗೆ ಇದನ್ನು ಓದಿದಾಗ ಯಕ್ಷಗಾನದ ಭಾಗವತರ ನೆನಪಾಯಿತು.

ಗ್ರಂಥವು ಅಚ್ಚಾದುದು 750 ಪ್ರತಿ. ಅಷ್ಟೂ ಪ್ರತಿಗಳು ಖರ್ಚಾಗಲು ಮೂವತ್ತು ವರ್ಷಗಳೂ ಸಾಲಲಿಲ್ಲ. ವಿದ್ವಾಂಸರು ಗೌರವದಿಂದ ಓದಿದರು. ಆದರೆ 145 ಎಂಬ ಆ ಅಂಕೆ ಎಲ್ಲರನ್ನೂ ಹೆದರಿಸಿತು. ಒಂದು ತಲೆಮಾರಿನವರೆಗೆ ಆ ದಾರಿಯಲ್ಲಿ ಕಾಲಿಡುವ ಧೈರ್ಯ ಯಾರಿಗೂ ಬರಲಿಲ್ಲ.

ರಿಚರ್ಡ್‌ಸನ್ನರೇ ಏಕೆ ಮತ್ತೊಮ್ಮೆ ಪ್ರಯತ್ನಿಸಲಿಲ್ಲವೆಂದು ಕೇಳಬಹುದು. ಯುದ್ಧದಿಂದ ಮರಳಿ ಅವರು ಹವಾಮಾನ ಇಲಾಖೆಯನ್ನು ಪುನಃ ಸೇರಿದ್ದು ನಿಜ. ಆದರೆ 1920ರಲ್ಲಿ ಆ ಇಲಾಖೆ ವಾಯುಪಡೆಯ ಸಚಿವಾಲಯದ ಕೆಳಗೆ ಬಂದಿತು. ಕ್ವೇಕರನಿಗೆ ಅಲ್ಲಿ ಇರುವುದು ಸಾಧ್ಯವಾಗಲಿಲ್ಲ. ಎರಡನೆಯ ಸಲ ರಾಜೀನಾಮೆ ಕೊಟ್ಟು, ಲಂಡನ್ನಿನಲ್ಲಿ ಉಪಾಧ್ಯಾಯರನ್ನು ತಯಾರುಮಾಡುವ ಕಾಲೇಜಿನಲ್ಲಿ ಪಾಠ ಹೇಳತೊಡಗಿದರು. ಗಾಳಿಯ ಸುಳಿಗಳನ್ನು ಕುರಿತು ಅವರು ಮಾಡಿದ ಕೆಲಸ ಎಷ್ಟು ಮುಖ್ಯವಾದುದೆಂದರೆ, ಅದರಲ್ಲಿನ ಒಂದು ಅಳತೆಗೆ ಇಂದಿಗೂ ಅವರ ಹೆಸರೇ ಇದೆ. 1926ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಬಂದಿತು. ಅಷ್ಟರಲ್ಲಿಯೇ, ಈ ಕೆಲಸದಲ್ಲಿ ಬಹಳ ಆಸಕ್ತಿ ತೋರುತ್ತಿದ್ದವರು ವಿಷಾನಿಲದ ಪ್ರಯೋಗದವರೆಂಬುದು ಅವರಿಗೆ ತಿಳಿಯಿತು. ಗಾಳಿ ಹೊಗೆಯನ್ನು ಹೇಗೆ ಹರಡುವುದೆಂದು ಬಲ್ಲವನು ವಿಷವನ್ನು ಹೇಗೆ ಹರಡುವುದೆಂದೂ ಬಲ್ಲನಷ್ಟೆ. ಅವರು ಹವಾಮಾನದ ಸಂಶೋಧನೆಯನ್ನು ನಿಲ್ಲಿಸಿ, ಪ್ರಕಟವಾಗದೆ ಉಳಿದಿದ್ದುದನ್ನು ನಾಶಮಾಡಿದರೆಂದು ಡೊರೊಥಿಯವರೇ ಮುಂದೆ ತಿಳಿಸಿದ್ದಾರೆ. ತಪ್ಪಿದ ಲೆಕ್ಕವನ್ನು ಲೋಕದೆದುರು ಬಿಚ್ಚಿಟ್ಟ ಮನುಷ್ಯ ಸರಿಯಾದ ಲೆಕ್ಕಗಳನ್ನು ಹರಿದುಹಾಕಿದನು. ಇದು ಸರಿಯೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಒಂದು ತೀರ್ಮಾನಕ್ಕೆ ಬರಲಾಗಿಲ್ಲ.

ನಡುವಯಸ್ಸಿನಲ್ಲಿ ಅವರು ಮನಶ್ಶಾಸ್ತ್ರವನ್ನು ವಿದ್ಯಾರ್ಥಿಯಂತೆ ಓದಿ ಪದವಿ ಪಡೆದರು. 1929ರಿಂದ 1940ರವರೆಗೆ ಸ್ಕಾಟ್ಲೆಂಡಿನ ಪೇಸ್ಲಿಯ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ಉಳಿದ ಆಯುಷ್ಯವನ್ನೆಲ್ಲ ಒಂದೇ ಪ್ರಶ್ನೆಗೆ ಸವೆಸಿದರು: ಯುದ್ಧಗಳು ಏಕೆ ಆಗುತ್ತವೆ? ಕೊಲೆಯಿಂದ ಮಹಾಯುದ್ಧದವರೆಗೆ ಮನುಷ್ಯರು ಮನುಷ್ಯರನ್ನು ಕೊಂದ ಕಲಹಗಳನ್ನೆಲ್ಲ ಸತ್ತವರ ಸಂಖ್ಯೆಗನುಸಾರ ಪಟ್ಟಿಮಾಡಿದರು. ಅಕ್ಕಪಕ್ಕದ ದೇಶಗಳ ಗಡಿ ಉದ್ದವಾದಷ್ಟೂ ಜಗಳ ಹೆಚ್ಚುವುದೋ ಎಂದು ನೋಡಹೊರಟಾಗ ಒಂದು ಚೋದ್ಯ ಕಂಡಿತು. ಸ್ಪೇನ್-ಪೋರ್ಚುಗಲ್‌ಗಳ ನಡುವಣ ಗಡಿಯು ಒಂದು ಮೂಲದಲ್ಲಿ 987 ಕಿಲೋಮೀಟರ್, ಇನ್ನೊಂದರಲ್ಲಿ 1,214 ಕಿಲೋಮೀಟರ್. ಇಬ್ಬರೂ ಸುಳ್ಳು ಹೇಳಿದವರಲ್ಲ. ಅಂಕುಡೊಂಕಾದ ಗೆರೆಯನ್ನು ಚಿಕ್ಕ ಕೋಲಿನಿಂದ ಅಳೆದಷ್ಟೂ ಉದ್ದ ಹೆಚ್ಚುತ್ತದೆ. ನೇತ್ರಾವತಿಯ ದಂಡೆಯನ್ನು ಬಂಟ್ವಾಳದಿಂದ ಉಪ್ಪಿನಂಗಡಿಯವರೆಗೆ ಮೊದಲು ಮೈಲಿಗೋಲಿನಿಂದಲೂ ಬಳಿಕ ಗೇಣಿನಿಂದಲೂ ಅಳೆದು ನೋಡಿದವನಿಗೆ ಇದು ಒಡನೆ ತಿಳಿಯುತ್ತದೆ. ಈ ಬರಹವು ಅವರು ತೀರಿದ ಮೇಲೆ 1961ರಲ್ಲಿ ಅಚ್ಚಾಯಿತು. 1967ರಲ್ಲಿ ಮ್ಯಾಂಡಲ್‌ಬ್ರೋ ಎಂಬ ಗಣಿತಜ್ಞರು ಅದನ್ನು ಎತ್ತಿ ತೋರಿದ ಮೇಲೆ ಒಂದು ಹೊಸ ಗಣಿತವೇ ಬೆಳೆಯಿತು.

1950ರ ವಸಂತದಲ್ಲಿ ಅಮೆರಿಕದಲ್ಲಿ ಜೂಲ್ ಚಾರ್ನಿ, ಫ್ಯೋರ್ಟಾಫ್ಟ್, ಫಾನ್ ನಾಯ್ಮನ್ ಎಂಬವರು ‘ಎನಿಯಾಕ್’ ಎಂಬ ವಿದ್ಯುನ್ಮಾನ ಗಣಕಯಂತ್ರದಿಂದ ಹವೆಯ ಲೆಕ್ಕವನ್ನು ಮಾಡಿಸಿದರು. ಸಮೀಕರಣಗಳನ್ನು ಸರಳಗೊಳಿಸಿಕೊಂಡಿದ್ದರಿಂದ ಈ ಸಲ ವಿಪರೀತವಾದ ಉತ್ತರ ಬರಲಿಲ್ಲ. ಇಪ್ಪತ್ತನಾಲ್ಕು ತಾಸಿನ ಹವೆಗೆ ಹೆಚ್ಚುಕಡಮೆ ಇಪ್ಪತ್ತನಾಲ್ಕು ತಾಸುಗಳ ಲೆಕ್ಕ. ಚಾರ್ನಿಯವರು ನಕಾಶೆಗಳನ್ನು ವೃದ್ಧರಾದ ರಿಚರ್ಡ್‌ಸನ್ನರಿಗೆ ಕಳುಹಿಸಿದರು. ಅವರು ಸುಮ್ಮನೆ ಹೊಗಳಲಿಲ್ಲ. ಮೊದಲ ದಿನದ ನಕಾಶೆ, ಮರುದಿನದ ನಿಜವಾದ ನಕಾಶೆ, ಯಂತ್ರ ಮಾಡಿದ ನಕಾಶೆಗಳನ್ನು ಹೆಂಡತಿಯ ಮುಂದಿಟ್ಟು, ನಿಜಕ್ಕೆ ಯಾವುದು ಹತ್ತಿರವೆಂದು ಕೇಳಿದರು. ಹವೆ ಏನೂ ಬದಲಾಗುವುದಿಲ್ಲವೆಂದು ಸುಮ್ಮನೆ ಕೂರುವುದಕ್ಕಿಂತ ಯಂತ್ರದ ಲೆಕ್ಕ ಸರಾಸರಿಯಲ್ಲಿ ಸ್ವಲ್ಪ ಮೇಲೆಂದು ಆಕೆಯ ತೀರ್ಪಾಯಿತು. ಆ ಸ್ವಲ್ಪವೇ ತಮ್ಮ ಒಂಟಿ ಸೋಲಿಗಿಂತ ಎಷ್ಟೋ ದೊಡ್ಡದೆಂದು ಅವರು ಸಂತೋಷಪಟ್ಟರು. 1953ನೆಯ ಸೆಪ್ಟೆಂಬರ್ 30ರಂದು ಸ್ಕಾಟ್ಲೆಂಡಿನ ಕಿಲ್ಮನ್ ಗ್ರಾಮದಲ್ಲಿ ರಿಚರ್ಡ್‌ಸನ್ನರು ತೀರಿಕೊಂಡರು.

ಜೀವನ ಮುಗಿಯಿತು, ಲೆಕ್ಕದ ಕಥೆ ಮುಗಿಯಲಿಲ್ಲ.

ಯಂತ್ರಗಳು ಬಂದ ಮೇಲೆ ಲೆಕ್ಕದಲ್ಲಿ ಹೊಸ ಬಗೆಯ ತೊಡಕುಗಳು ತಲೆಯೆತ್ತಿದವು. 1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಟ್ಸ್ ಎಂಬ ಪಂಡಿತರು ಯಂತ್ರದೊಳಗೆ ಒಂದು ಪುಟ್ಟ ಹವೆಯನ್ನು ಕಟ್ಟಿ ಓಡಿಸುತ್ತಿದ್ದರು. ಹಳೆಯ ಓಟವೊಂದನ್ನು ಪುನಃ ನೋಡಬೇಕೆಂದು, ನಡುವಿನ ಒಂದು ಸಾಲಿನ ಅಂಕೆಗಳನ್ನು ಯಂತ್ರಕ್ಕೆ ಹಾಕಿ ಕಾಫಿಗೆ ಹೋದರು. ಬಂದು ನೋಡಿದರೆ ಎರಡನೆಯ ಹವೆಗೂ ಮೊದಲನೆಯದಕ್ಕೂ ಹೋಲಿಕೆಯೇ ಇಲ್ಲ! ಯಂತ್ರದ ಕೊಳವೆಯೊಂದು ಕೆಟ್ಟಿರಬೇಕೆಂದು ಅವರು ಮೊದಲು ನಂಬಿದರು. ಸಾಲುಸಾಲಾಗಿ ಹೋಲಿಸಿದಾಗ ಕಂಡದ್ದು ಬೇರೆ. ಯಂತ್ರದೊಳಗಿದ್ದ ಅಂಕೆ 0.506127, ಕಾಗದದಲ್ಲಿ ಅಚ್ಚಾದದ್ದು 0.506. ಕೈಬಿಟ್ಟ ಆ ಚೂರು ದಿನದಿನಕ್ಕೆ ಬೆಳೆದು ಎರಡು ತಿಂಗಳ ಹವೆಯನ್ನು ನುಂಗಿತ್ತು. ನಾನು ಮಳೆಯ ಪುಸ್ತಕದಲ್ಲಿ ಮಾಡಿದ ಸೋಮಾರಿತನವೂ ಇದೇ ಜಾತಿಯದು. ನನ್ನ ಪುಣ್ಯಕ್ಕೆ ಮಳೆಯ ಮೊತ್ತದಲ್ಲಿ ಅದು ಮೂರು ಮಿಲಿಮೀಟರಿಗೇ ನಿಂತಿತು.

ಇನ್ನೂ ಒಂದು ತೊಡಕುಂಟು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು 1986ರಲ್ಲಿ ‘ಫ್ಲೋಸಾಲ್ವರ್’ ಎಂಬ ಯಂತ್ರವನ್ನು ಕಟ್ಟಿದರು. ಹಲವು ಗಣಕಗಳು ಒಂದೇ ಲೆಕ್ಕವನ್ನು ಹಂಚಿಕೊಂಡು ಏಕಕಾಲಕ್ಕೆ ಮಾಡುವ, ನಮ್ಮ ದೇಶದಲ್ಲಿಯೇ ಮೊದಲನೆಯದೆನಿಸಿದ ಯಂತ್ರ. 1990ರ ದಶಕದಲ್ಲಿ ಮುಂಗಾರಿನ ಲೆಕ್ಕವೂ ಅದರ ಮೇಲೆ ಓಡಿತು. ರಿಚರ್ಡ್‌ಸನ್ನರ 64,000 ಲೆಕ್ಕಿಗರ ಮಂದಿರವೇ ಕಿರಿದಾಗಿ ಮೈದಳೆದಂತೆ! ಆದರೆ ಹೀಗೆ ಹಂಚಿಕೊಂಡು ಮಾಡುವ ಯಂತ್ರ ಯಾವುದೇ ಆಗಲಿ, ಯಾರ ಮೊತ್ತ ಮೊದಲು ಬಂದಿತೆಂಬುದರ ಮೇಲೆ ಕೂಡುವ ಕ್ರಮ ಬದಲಾಗಬಹುದು. ಕ್ರಮ ಬದಲಾದರೇನು, ಮೊತ್ತ ಒಂದೇ ಅಲ್ಲವೇ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಯಂತ್ರದಲ್ಲಿ ಹಾಗಲ್ಲ, ಅದು ಇಂತಿಷ್ಟೇ ಸ್ಥಾನಗಳನ್ನು ಇಟ್ಟುಕೊಂಡು ಉಳಿದುದನ್ನು ಬಿಡುತ್ತದೆ. ಮೂರೇ ಸ್ಥಾನಗಳನ್ನು ಇಟ್ಟುಕೊಳ್ಳುವ ಲೆಕ್ಕಿಗನೊಬ್ಬನು 100ಕ್ಕೆ 0.4ನ್ನು ಕೂಡಿದರೆ 100 ಎಂದೇ ಬರೆಯುತ್ತಾನೆ, ಇನ್ನೊಂದು 0.4ನ್ನು ಕೂಡಿದರೂ 100. ಎರಡು 0.4ಗಳನ್ನು ಮೊದಲು ಕೂಡಿ 0.8 ಮಾಡಿ ಬಳಿಕ 100ಕ್ಕೆ ಸೇರಿಸಿದರೆ 101. ಅಂಕೆಗಳು ಅವೇ, ಯಂತ್ರ ಅದೇ. ನಿನ್ನೆಯ ಉತ್ತರ ಇಂದು ಬಾರದು. ಆ ಕೊನೆಯ ಸ್ಥಾನದ ವ್ಯತ್ಯಾಸವು ಹವೆಯ ಲೆಕ್ಕದಲ್ಲಿ ಏನಾಗುವುದೆಂದು ಲೊರೆಂಟ್ಸರ ಕಾಫಿಯ ಕಥೆಯಿಂದ ತಿಳಿದೇ ಇದೆ. ಇಂತಹ ಕಡೆ ಯಂತ್ರವನ್ನು ದೂರುವುದೋ, ಲೆಕ್ಕ ಬರೆದವರನ್ನೋ, ನಿಸರ್ಗವನ್ನೋ ಎಂದು ಬಿಡಿಸಬೇಕಾದರೆ ಒಂದೊಂದು ಹಂತದ ಅಂಕೆಯನ್ನೂ ಉಳಿಸಿಕೊಂಡಿರಬೇಕು. ಎರಡು ಓಟಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವು ಮೊದಲು ಬೇರೆಯಾದ ಸಾಲನ್ನು ಹುಡುಕಬೇಕು.

ರಿಚರ್ಡ್‌ಸನ್ನರ ಪಟ್ಟಿಗಳಿಗೆ ಬೆಲೆ ಬಂದುದು ಇಲ್ಲಿಯೇ. ಕಳೆದ ಶತಮಾನದ ಕೊನೆಯ ದಶಕದಲ್ಲಿ ಐರ್ಲೆಂಡಿನ ಪೀಟರ್ ಲಿಂಚ್ ಎಂಬ ಹವಾಮಾನಶಾಸ್ತ್ರಜ್ಞರು ಆ ಗ್ರಂಥವನ್ನು ಮುಂದಿಟ್ಟುಕೊಂಡು, ಅದೇ ದಿನದ, ಅದೇ ಏಳು ಗಂಟೆಯ, ಅದೇ ಚೌಕಗಳ ಲೆಕ್ಕವನ್ನು ಗಣಕಯಂತ್ರದಿಂದ ಮಾಡಿಸಿದರು. ಯಂತ್ರವೂ 145ರ ಆಸುಪಾಸಿನಲ್ಲಿಯೇ ಬಂದು ನಿಂತಿತು! ಹಾಗಾದರೆ ತಪ್ಪು ಗುಣಾಕಾರದಲ್ಲಿರಲಿಲ್ಲ. ರಣರಂಗದ ಗದ್ದಲವೂ ಕಾರಣವಲ್ಲ. ಹುಡುಕಬೇಕಾದ್ದು ಲೆಕ್ಕ ಆರಂಭವಾದ ಸ್ಥಳದಲ್ಲಿ.

ಗಾಳಿಯೂ ಒತ್ತಡವೂ ನಿಸರ್ಗದಲ್ಲಿ ಒಂದಕ್ಕೊಂದು ಸರಿತೂಗಿಕೊಂಡಿರುತ್ತವೆ, ತಕ್ಕಡಿಯ ಎರಡು ತಟ್ಟೆಗಳಂತೆ. ವಿರಳವಾದ ಬಲೂನುಗಳಿಂದ ಅಳೆದ ಗಾಳಿಯಲ್ಲಿ ಚೂರುಪಾರು ದೋಷವಿದ್ದರೂ ಸಾಕು, ತಕ್ಕಡಿ ತಪ್ಪುತ್ತದೆ. ಲೆಕ್ಕದೊಳಗೆ ದೊಡ್ಡ ಅಲೆಗಳೆದ್ದು ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಓಡತೊಡಗುತ್ತವೆ. ಈ ಅಲೆಗಳು ಏರುತ್ತವೆ, ಮರುಗಳಿಗೆಯಲ್ಲಿ ಇಳಿಯುತ್ತವೆ. ರಿಚರ್ಡ್‌ಸನ್ನರ ವಿಧಾನವು ಏಳು ಗಂಟೆಯ ಆ ಒಂದು ಕ್ಷಣದ ಏರಿಕೆಯನ್ನು ಹಿಡಿದು ಆರು ತಾಸಿನಿಂದ ಗುಣಿಸಿತು. ಉಳ್ಳಾಲದ ಕಡಲ ದಂಡೆಯಲ್ಲಿ ನಿಂತವನೊಬ್ಬನು, ಅಲೆಯು ಒಂದು ಸೆಕೆಂಡಿನಲ್ಲಿ ಅರ್ಧ ಮೀಟರ್ ಏರಿದುದನ್ನು ಕಂಡು, ಆರು ತಾಸಿನಲ್ಲಿ ಕಡಲು 10,800 ಮೀಟರ್ ಏರಿ ಎವರೆಸ್ಟನ್ನೂ ಮುಳುಗಿಸುವುದೆಂದು ಬರೆದುಕೊಂಡ ಹಾಗೆ. ಅವನು ಕಂಡದ್ದೂ ಸುಳ್ಳಲ್ಲ, ಗುಣಿಸಿದ್ದೂ ತಪ್ಪಲ್ಲ.

ಲಿಂಚರು ಆರಂಭದ ಅಂಕೆಗಳಿಂದ ಆ ಹುಸಿ ಅಲೆಗಳನ್ನು ಸೋಸಿ ತೆಗೆದು ಅದೇ ಲೆಕ್ಕವನ್ನು ಪುನಃ ಓಡಿಸಿದರು. ಮ್ಯೂನಿಕ್ಕಿನ ಬಳಿ 145 ಇದ್ದ ಬದಲಾವಣೆಯು ಒಂದು ಮಿಲಿಬಾರಿನ ಆಸುಪಾಸಿಗೆ ಇಳಿಯಿತು. 1910ರ ಆ ಶಾಂತವಾದ ಬೆಳಗಿಗೆ ಅದು ಒಪ್ಪುವ ಉತ್ತರ. ಮೊದಲಿನ ಗಾಳಿಯ ಮೇಲೆ ರಿಚರ್ಡ್‌ಸನ್ನರಿಗಿದ್ದ ಶಂಕೆ ಬಹುಮಟ್ಟಿಗೆ ಸರಿಯಾಗಿತ್ತು. ಅಂಕೆಗಳನ್ನು ನಯಗೊಳಿಸುವ ಉಪಾಯಗಳನ್ನೂ ಅವರು ಗ್ರಂಥದಲ್ಲಿ ಚರ್ಚಿಸಿದ್ದರು, ಬಳಸಲಿಲ್ಲ ಅಷ್ಟೆ. ಇನ್ನೊಂದು ಅಪಾಯವೂ ಅವರಿಗಾಗಿ ಮುಂದೆ ಹೊಂಚಿ ಕುಳಿತಿತ್ತೆನ್ನಬೇಕು. ಚೌಕ ಇಷ್ಟು ದೊಡ್ಡದಾದರೆ ಕಾಲದ ಹೆಜ್ಜೆ ಇಷ್ಟನ್ನು ಮೀರಬಾರದೆಂಬ ನಿಯಮವನ್ನು ಮೂವರು ಜರ್ಮನ್ ಗಣಿತಜ್ಞರು ತೋರಿಸಿದ್ದು 1928ರಲ್ಲಿ. ಅಷ್ಟು ಉದ್ದದ ಹೆಜ್ಜೆಯನ್ನೇ ಇಡುತ್ತ ಮುಂದುವರಿದಿದ್ದರೆ ಅವರ ಲೆಕ್ಕ ಬೇರೊಂದು ಬಗೆಯಲ್ಲಿ ಸಿಡಿದುಹೋಗುತ್ತಿತ್ತು. ಒಂದೇ ಹೆಜ್ಜೆಗೆ ನಿಂತುದರಿಂದ ಅದು ಅವರನ್ನು ತಟ್ಟಲಿಲ್ಲ.

2006ರಲ್ಲಿ ಲಿಂಚರು ಈ ಹುಡುಕಾಟವನ್ನೆಲ್ಲ ಒಂದು ಗ್ರಂಥವಾಗಿ ಬರೆದರು. ಪಟ್ಟಿಗಳನ್ನು ಸಾಲುಸಾಲಾಗಿ ಪರೀಕ್ಷಿಸಿದಾಗ ಅಲ್ಲೊಂದು ಇಲ್ಲೊಂದು ಸಣ್ಣ ಕೈತಪ್ಪು ಕಂಡಿತಂತೆ. ಉತ್ತರವನ್ನು ಕೆಡಿಸುವಷ್ಟು ದೊಡ್ಡದು ಒಂದೂ ಇಲ್ಲ. ಅಣೆಕಟ್ಟಿನ ಲೆಕ್ಕದ ಹುಡುಗರಿಗೆ ರಿಚರ್ಡ್‌ಸನ್ನರು ಗೊತ್ತುಮಾಡಿದ್ದ ದರವನ್ನೇ ಅವರಿಗೂ ಹಿಡಿದರೆ, ಹುಲ್ಲಿನ ರಾಶಿಯ ಮೇಲಿನ ಆ ಆರು ವಾರದ ಕೂಲಿಯಲ್ಲಿ ಕಡಿತವಾಗುತ್ತಿದ್ದುದು ಕೆಲವೇ ಬಿಡಿಕಾಸು.